ಓಡ್ಸೋಕಾ, ನೋಡೋಕಾ?

ಎಪ್ಪತ್ತು, ಎಂಬತ್ತರ ದಶಕದ ಮೈಸೂರಿನಲ್ಲಿ ಬೆಳೆದವರಿಗೆ ಬೀದಿಯಲ್ಲಿ ಹೋಗುತ್ತಿರುವ ಗಾಡಿ ಯಾವುದೆಂದು ತಿಳಿಯಲು ಕಿಟಕಿಯ ಹತ್ತಿರ ಹೋಗಬೇಕಾಗಿರಲಿಲ್ಲ. ಬುಲೆಟ್ಟಿನದು ಎದೆಯಾಳದಿಂದ ಬರುವ ದನಿ. ಲ್ಯಾಂಬ್ರೆಟಾ, ಬಜಾಜ್ ಸ್ಕೂಟರುಗಳದು ಮೂಗಿನ ರಾಗ. ಲೂನಾದ್ದು ಕೀರಲು. ಯೆಜ್ಡಿಯದು ಮಾತ್ರ ಇವು ಯಾವುದಕ್ಕೂ ಸೇರದ ಜೋಡಿ ದನಿ. ಒಂದೇ ಸಿಲಿಂಡರಿನಿಂದ ಎರಡು ಹೊಗೆಕೊಳವೆ ಹೊರಟು, ಬಲಕ್ಕೊಂದು ಎಡಕ್ಕೊಂದು ಉದ್ದನೆಯ ಸೈಲೆನ್ಸರ್. ನಿಂತಲ್ಲಿ ನಿಂತಾಗ ಪಟ್... ಪಟ್... ಪಟಪಟ ಎಂದು ತಾಳ ತಪ್ಪಿಸುತ್ತ, ಇನ್ನೇನು ಆರಿಯೇ ಹೋಯಿತು ಅನ್ನಿಸುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುವುದು. ಆಕ್ಸಿಲರೇಟರ್ ತಿರುವಿದ್ದೇ ತಡ, ತುಂಬು ಕಂಠದಿಂದ ಹಾಡಿಕೊಂಡು ಹೊರಟುಬಿಡುವುದು. ತಿರುವು ದಾಟಿದ ಮೇಲೂ ಬಹಳ ಹೊತ್ತು ದನಿ ಬೀದಿಯಲ್ಲೇ ಉಳಿದಿರುತ್ತಿತ್ತು. ಜೊತೆಗೆ ಸುಟ್ಟ ಎಣ್ಣೆಯ ಆ ವಾಸನೆ. ಇವೆರಡನ್ನೂ ಬಲ್ಲವರು ಈಗ ಎಲ್ಲಿದ್ದರೂ ಒಮ್ಮೆ ಕಣ್ಣು ಮುಚ್ಚಿ ನೆನೆದುಕೊಂಡಾರು.

ಆ ದನಿ ನಮ್ಮೂರಿನದೇ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಹೊರದೇಶದಿಂದ ಮೋಟಾರ್ ಸೈಕಲ್ ತರಿಸುವುದಕ್ಕೆ ತಡೆ ಬಿದ್ದಿದ್ದ ಕಾಲ. ಬೇಕೆಂದರೆ ಇಲ್ಲೇ ಮಾಡಿಕೊಳ್ಳಬೇಕಿತ್ತು, ಮಾಡಿಕೊಂಡೆವು. ಮೊದಲು ಬಂದದ್ದು 250 ಸಿಸಿಯ ಜಾವಾ. ಎಪ್ಪತ್ತರ ದಶಕದ ಆರಂಭದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಎಂಜಿನ್ 248.5 ಸಿಸಿ, ಶಕ್ತಿ 16 ಅಶ್ವಶಕ್ತಿ, ಗೇರು ನಾಲ್ಕು. ಇವತ್ತು ಕಾಲೇಜು ಹುಡುಗರು ಓಡಿಸುವ ಬೈಕುಗಳ ಮುಂದೆ ಇದು ಏನೂ ಅಲ್ಲ ಎನ್ನಿಸಬಹುದು. ಆದರೆ ಅಮೆರಿಕದವರು ತಮ್ಮ ಹಳೆಯ ಮಸಲ್ ಕಾರುಗಳ ಬಗ್ಗೆ ಯಾವ ಹೆಮ್ಮೆಯಿಂದ ಮಾತಾಡುತ್ತಾರೋ ಅದೇ ಹೆಮ್ಮೆಯನ್ನು ನಾವು ರೋಡ್‌ಕಿಂಗ್‌ಗೆ ಕೊಟ್ಟಿದ್ದೆವು. ಮದರಾಸಿನ ಶೋಳವರಂ ರೇಸಿನಲ್ಲಿ ಯೆಜ್ಡಿ ಓಡಿದ ಸುದ್ದಿಯನ್ನು ನಮ್ಮ ಬೀದಿಯ ಹುಡುಗರು ತಾವೇ ಓಡಿಸಿ ಬಂದವರ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು.

ಆ ಹೆಮ್ಮೆಗೆ ಕಾರಣ ವೇಗವಲ್ಲ. ಆ ಗಾಡಿಯನ್ನು ಮಾಡಿದವರು ನಮಗೆ ಗೊತ್ತಿದ್ದ ಜನ ಎನ್ನುವುದೇ ಕಾರಣ. ಪಾಳಿ ಬಿಟ್ಟಾಗ ಯಾದವಗಿರಿಯಿಂದ ಒಂಟಿಕೊಪ್ಪಲು, ಪಡುವಾರಹಳ್ಳಿ, ಮಂಡಿ ಮೊಹಲ್ಲಾದ ಕಡೆಗೆ ಸೈಕಲ್ಲುಗಳ ಸಾಲು ಹೊರಡುತ್ತಿತ್ತು. ಹ್ಯಾಂಡಲ್ಲಿಗೆ ಊಟದ ಡಬ್ಬಿ, ಅಂಗೈಗೆ ಹತ್ತಿದ ಗ್ರೀಸು. ನಮ್ಮ ಪಕ್ಕದ ಮನೆಯವರು ಗೇರ್‌ಬಾಕ್ಸ್ ಜೋಡಿಸುವ ವಿಭಾಗದಲ್ಲಿದ್ದರು. ಬೀದಿಯಲ್ಲಿ ಯಾವುದಾದರೂ ಯೆಜ್ಡಿ ಕರಕರ ಎಂದರೆ ಹೆಬ್ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ಆ ಅಪರಿಚಿತ ಸವಾರನನ್ನು ನಿಲ್ಲಿಸಿ, "ಸ್ವಾಮಿ, ಕ್ಲಚ್ ಸ್ವಲ್ಪ ನೋಡಿಸ್ಕೊಳ್ಳಿ" ಎನ್ನುತ್ತಿದ್ದರು. ತಾವು ಮಾಡಿದ ವಸ್ತು ತಮ್ಮ ಮನೆಯ ಮುಂದೆಯೇ ಓಡಾಡುವುದನ್ನು ದಿನವೂ ನೋಡುವ ಭಾಗ್ಯ ಎಷ್ಟು ಜನ ಕೆಲಸಗಾರರಿಗೆ ಸಿಕ್ಕೀತು? ಇವತ್ತು ನಾವು ಕೊಳ್ಳುವ ಯಾವ ವಸ್ತುವನ್ನು ಯಾರು ಮಾಡಿದರು, ಅವರ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಬಲ್ಲೆವು?

ನಮ್ಮ ಅಪ್ಪ ರೋಡ್‌ಕಿಂಗ್ ಕೊಂಡದ್ದು 1982ರಲ್ಲಿ. ಬಜಾಜ್ ಸ್ಕೂಟರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳು. ಕಾಯುವಷ್ಟು ವ್ಯವಧಾನ ಅಪ್ಪನ ಕೆಲಸಕ್ಕಿರಲಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪಶುವೈದ್ಯರಾಗಿದ್ದರು. ಶಾಲೆಗಾಗಿ ನಾವು ಒಂಟಿಕೊಪ್ಪಲಿನ ಅಜ್ಜಿ ಮನೆಯಲ್ಲಿದ್ದೆವು. ರಜೆ ಬಂದರೆ ಅಪ್ಪನ ಕ್ವಾರ್ಟರ್ಸಿಗೆ. ಹೊಸ ಗಾಡಿ ಬಂದ ಸ್ವಲ್ಪ ದಿನಕ್ಕೇ ಅಪ್ಪ ಅದನ್ನು ಊರಿನ ಕುಲುಮೆಗೆ ಒಯ್ದು, ಹಿಂದುಗಡೆ ಕಬ್ಬಿಣದ ಪಟ್ಟಿಗಳ ಒಂದು ಅಡ್ಡೆ ಮಾಡಿಸಿದರು. ಔಷಧಿ ಪೆಟ್ಟಿಗೆ ಕೂರಲು ಜಾಗ. ಚಂದದ ಗಾಡಿಗೆ ಎಂಥದೋ ಸಿಕ್ಕಿಸಿದಿರಲ್ಲ ಎಂದು ಅಮ್ಮ ಆಕ್ಷೇಪಿಸಿದ್ದಕ್ಕೆ, "ಚಂದ ನೋಡ್ತಾ ಕೂತ್ರೆ ಹಸು ಎದ್ದು ನಿಲ್ಲುತ್ತೇನೆ?" ಎಂದಿದ್ದರಂತೆ.

ರಾತ್ರಿ ಎಷ್ಟು ಹೊತ್ತಿನಲ್ಲಾದರೂ ಬಾಗಿಲು ತಟ್ಟುವ ಸದ್ದು ಕೇಳುತ್ತಿತ್ತು. ಹೊರಗೆ ಕಂಬಳಿ ಹೊದ್ದ ಯಾರೋ. "ಬುದ್ಧಿ, ಹಸ ಈಯಕ್ಕಾಗ್ದೆ ಒದ್ದಾಡ್ತಾ ಅದೆ. ಕರ ಅಡ್ಡ ಸಿಕ್ಕಾಕೊಂಡದೆ." ಅಪ್ಪ ಸ್ವೆಟರ್ ಏರಿಸಿಕೊಂಡು, ಬಂದವನನ್ನು ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದರು. ಅಂತರಸಂತೆಯ ಕಡೆ, ಕಾಡಿನ ಅಂಚಿನ ಹಳ್ಳಿಗಳ ಕಡೆ, ಆನೆ ಅಡ್ಡ ನಿಲ್ಲುವ ದಾರಿಗಳಲ್ಲಿ. ಬೇಸಿಗೆ ರಜೆಯಲ್ಲಿ ನನ್ನನ್ನೂ ಒಮ್ಮೊಮ್ಮೆ ಟ್ಯಾಂಕಿನ ಮೇಲೆ ಕೂರಿಸಿಕೊಂಡದ್ದುಂಟು. ಹೆಡ್‌ಲೈಟಿನ ಬೆಳಕು ಎಂಜಿನ್ನಿನ ದನಿಯ ಜೊತೆಗೇ ಏರುತ್ತ ಇಳಿಯುತ್ತ ಇರುತ್ತಿತ್ತು. ದೂರದ ಹಳ್ಳಿಯ ಮೊದಲ ಮನೆ ಕಾಣುವ ಮುಂಚೆಯೇ ಅಲ್ಲಿ ಲಾಟೀನು ಹಿಡಿದು ಜನ ಹೊರಗೆ ಬಂದಿರುತ್ತಿದ್ದರು. ಫೋನಿಲ್ಲ, ಸಂದೇಶವಿಲ್ಲ, ಯೆಜ್ಡಿಯ ದನಿ ಕೇಳಿಸಿತೆಂದರೆ ಡಾಕ್ಟ್ರು ಬಂದರೆಂದೇ ಲೆಕ್ಕ. ಈದ ಮೇಲೆ ಹಾಲುಜ್ವರ ಬಂದು ನೆಲ ಹಿಡಿದ ಹಸುವಿನ ರಕ್ತನಾಳಕ್ಕೆ ಅಪ್ಪ ಕ್ಯಾಲ್ಸಿಯಂ ಬಾಟಲಿ ಏರಿಸುವುದು, ಸತ್ತೇ ಹೋಯಿತೆಂದು ಮನೆಯವರು ಕೈಬಿಟ್ಟ ಹಸು ಸ್ವಲ್ಪ ಹೊತ್ತಿಗೆಲ್ಲ ಮೈಕೊಡವಿ ಎದ್ದು ನಿಲ್ಲುವುದು, ಮನೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು. ಇಂಥ ಎಷ್ಟೋ ರಾತ್ರಿಗಳು ಆ ಗಾಡಿಯ ಬೆನ್ನ ಮೇಲೆ ಹಾದುಹೋದವು.

ಅದನ್ನು ಓಡಿಸುವುದೆಂದರೆ ಒಂದು ಶಿಸ್ತು. ಪೆಟ್ರೋಲ್ ಬಂಕಿಗೆ ಹೋದರೆ ಬರೀ ಪೆಟ್ರೋಲ್ ಹಾಕಿಸಿ ಬರುವಂತಿರಲಿಲ್ಲ. ಅಳತೆ ಮಾಡಿ ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕಿತ್ತು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗು ಕಪ್ಪಾಗುತ್ತದೆ. ಆ ಸಣ್ಣ ಅಳತೆಯ ಡಬ್ಬಿಯನ್ನು ಅಪ್ಪ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಕಿಕ್ಕಿಗೂ ಗೇರಿಗೂ ಎಡಗಾಲಿನ ಕಡೆ ಇದ್ದದ್ದು ಒಂದೇ ಲಿವರ್. ಒಳಕ್ಕೊತ್ತಿ ಮೇಲಕ್ಕೆತ್ತಿದರೆ ಕಿಕ್ಕು, ಮತ್ತೆ ಮುಂದಕ್ಕೆ ಮಡಿಸಿದರೆ ಗೇರು. ಗೊತ್ತಿಲ್ಲದವರು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಕಿಕ್ಕರ್ ಎಲ್ಲಿದೆ ಎಂದು ಕೇಳುತ್ತಿದ್ದರು. ಇನ್ನು ಹಳೆಯ ಜಾವಾಗಳ ಕೀಲಿಯಂತೂ ಒಂದು ಗಾಡಿಯದು ಇನ್ನೊಂದಕ್ಕೆ ಹೊಂದುತ್ತಿತ್ತು. ಹಾಗೆಂದು ಅವನ್ನು ಬೀದಿಯಲ್ಲಿ ನಿಲ್ಲಿಸಲು ಯಾರೂ ಹೆದರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿತಾಟು ಹಾಸಿ, ಪ್ಲಗ್ಗು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿ, ಸೈಲೆನ್ಸರಿನ ಒಳಗಿನ ನಳಿಗೆ ಹೊರಗೆಳೆದು ಅದಕ್ಕಂಟಿದ ಎಣ್ಣೆಮಸಿಯನ್ನು ಸೌದೆ ಬೆಂಕಿಯಲ್ಲಿ ಸುಡುವುದು ಅಪ್ಪನ ವಾರದ ಪೂಜೆ. ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಹದಿಮೂರನೆಯ ನಂಬರು ಕೇಳಿದಾಗ ಹದಿಮೂರನ್ನೇ ಕೊಟ್ಟರೆ, ಆ ವಯಸ್ಸಿನಲ್ಲಿ, ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ.

ಕಾಲ ತಿರುಗಿದ್ದು ಬೇಗ. 1985ರಲ್ಲಿ ಹೀರೊ ಹೋಂಡಾ ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಜಪಾನಿನ ಹಗುರ ಗಾಡಿಗಳು. ಹೀರೊ ಹೋಂಡಾಕ್ಕೆ ಎಣ್ಣೆ ಬೆರೆಸುವ ರಗಳೆಯೂ ಇಲ್ಲ. ಒಂದು ಲೀಟರಿಗೆ ಅದು ಹೋಗುವ ದೂರ ಕೇಳಿ ಯೆಜ್ಡಿಯವರು ಸುಮ್ಮನಾಗುತ್ತಿದ್ದರು. ಪೆಟ್ರೋಲಿನ ಬೆಲೆ ಏರುತ್ತಿತ್ತು. ಆಮೇಲೆ 1991ರಿಂದ ಹೊಗೆಗೆ ಮಿತಿ ಬಂತು, 1996ರಲ್ಲಿ ಆ ಮಿತಿ ಇನ್ನಷ್ಟು ಬಿಗಿಯಾಯಿತು. ಅದೇ 1996ರಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿ ತಯಾರಿಕೆ ನಿಂತಿತು. ಸಂಜೆಯ ಸೈಕಲ್ ಸಾಲು ಇಲ್ಲವಾಯಿತು. ಪಕ್ಕದ ಮನೆಯವರು ಹೆಬ್ಬಾಗಿಲಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟು ಒಳಗೆ ಕೂರತೊಡಗಿದರು. ಅದೇ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರ ಮನೆ, ಕೆಡವುವ ಅಂಚಿನವರೆಗೂ ಹೋಗಿ, ಕಡೆಗೆ ಉಳಿದು 2016ರಲ್ಲಿ ಮ್ಯೂಸಿಯಂ ಆಯಿತು. ಬರೆದ ಕೈಯ ನೆನಪಿಗೆ ಒಂದು ಮನೆ ಉಳಿಸಿಕೊಂಡದ್ದು ಊರಿಗೆ ಭೂಷಣವೇ. ಗ್ರೀಸು ಹತ್ತಿದ ಕೈಗಳ ನೆನಪಿಗೂ ನಾವು ಅಷ್ಟೇ ಹಟ ಹಿಡಿದಿದ್ದರೆ ಚೆನ್ನಾಗಿತ್ತು.

ಅಪ್ಪ ನಿವೃತ್ತರಾಗಿ ಒಂಟಿಕೊಪ್ಪಲಿಗೆ ಬಂದ ಮೇಲೂ ಸ್ವಲ್ಪ ಕಾಲ ಗಾಡಿ ಓಡಿತು. ಮೊಣಕಾಲು ನೋವು ಶುರುವಾದ ಮೇಲೆ ಕಿಕ್ ಹೊಡೆಯಲಾಗಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ಆ ಜಾಗದಲ್ಲಿ ರೋಡ್‌ಕಿಂಗ್ ನಿಂತಿತು. ಮೇಲೆ ತಾಡಪಾಲು, ತಾಡಪಾಲಿನ ಮೇಲೆ ಹಳೆ ಕುರ್ಚಿ, ಕುರ್ಚಿಯ ಮೇಲೆ ತೆಂಗಿನಕಾಯಿ ಚೀಲ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದರು. ಅಪ್ಪ ಅವರಿಗೆ ಕೂರಲು ಹೇಳಿ, ಮಜ್ಜಿಗೆ ಕೊಡಿಸಿ, ಬರಿಗೈಲಿ ಕಳಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಅಮ್ಮ ಮಾಡಿದಳು.

ಕಡೆಗೂ ತಾಡಪಾಲು ಸರಿಸಿದಾಗ ಕಂಡದ್ದು ಹೆಮ್ಮೆಪಡುವ ನೋಟವಲ್ಲ. ಟೈರುಗಳು ಸೀಳಿದ್ದವು. ಸೀಟಿನ ಸ್ಪಂಜಿನಲ್ಲಿ ಇಲಿ ಸಂಸಾರ ಮಾಡಿತ್ತು. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ಅಂಟಾಗಿ, ಅಂಟಿನ ಕೆಳಗೆ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಕಿಕ್ ಕೆಳಗಿಳಿಯಲಿಲ್ಲ, ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು. ಲಷ್ಕರ್ ಮೊಹಲ್ಲಾದ ಒಂದು ಸಂದಿಯಲ್ಲಿ, ಯೆಜ್ಡಿ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಇದ್ದಾರೆಂದು ತಿಳಿದು, ಗೂಡ್ಸ್ ಆಟೊದಲ್ಲಿ ಹಾಕಿಸಿಕೊಂಡು ಹೋದೆವು. ಅವರು ಕನ್ನಡಕ ಹಣೆಗೇರಿಸಿ ಗಾಡಿಯ ಸುತ್ತ ನಿಧಾನವಾಗಿ ಒಮ್ಮೆ ನಡೆದರು. ಯಾವುದನ್ನೂ ಮುಟ್ಟಲಿಲ್ಲ. ಆಮೇಲೆ ಕೇಳಿದರು: "ಸಾರ್, ಬಿಚ್ಚೋಕೆ ಮುಂಚೆ ಒಂದ್ ಮಾತು. ಓಡ್ಸೋಕಾ, ನೋಡೋಕಾ?"

ಈ ಪ್ರಶ್ನೆ ಕೇಳಲು ಅವರಿಗೆ ಕಾರಣವಿತ್ತು. ಈಗ ಹಳೆಯ ಯೆಜ್ಡಿಗೆ ಬಂದಿರುವ ಗಿರಾಕಿಗಳಲ್ಲಿ ಬಹಳ ಜನಕ್ಕೆ ಬೇಕಿರುವುದು ಮನೆಯ ಹಾಲ್‌ನಲ್ಲಿ ನಿಲ್ಲಿಸುವ ಗಾಡಿ. ಹೊಳೆಯುವ ಕ್ರೋಮು, ಅಚ್ಚುಕಟ್ಟಾದ ಬಣ್ಣ. ಒಳಗಿನ ಎಂಜಿನ್ ತಿರುಗಿದರೂ ಸರಿ, ತಿರುಗದಿದ್ದರೂ ಸರಿ. ಕೆಫೆಗಳ ಗೋಡೆಗೆ ನೇತುಹಾಕಲೆಂದು ಒಯ್ದವರೂ ಇದ್ದಾರಂತೆ. ಓಡಿಸೋಕೆ ಎಂದೆವು. ಮೇಸ್ತ್ರಿ ತಲೆಯಾಡಿಸಿ, "ಹಾಗಾದ್ರೆ ಟೈಮ್ ಕೇಳ್ಬೇಡಿ" ಎಂದರು.

ಟೈಮು ಹಿಡಿಯಿತು. ಸಿಲಿಂಡರಿನೊಳಕ್ಕೆ ಡೀಸೆಲ್ ಸುರಿದು, ನೆನೆಯಲು ಬಿಟ್ಟು, ದಿನಾ ಬೆಳಿಗ್ಗೆ ಬಂದು ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಿದ್ದರು. ಜೋರಾಗಿ ಹೊಡೆದರೆ ಒಂದು ನಿಮಿಷದ ಕೆಲಸ ಎಂದು ಅವರಿಗೂ ಗೊತ್ತು. ಹೊಡೆದರೆ ಪಿಸ್ಟನ್ ಒಡೆಯುತ್ತದೆ ಎಂದೂ ಗೊತ್ತು. ಒಂದು ಬೆಳಿಗ್ಗೆ ಅದು ತಾನಾಗಿ ಸರಿಯಿತು. ಟ್ಯಾಂಕಿನೊಳಕ್ಕೆ ಒಂದು ಹಿಡಿ ಹಳೆಯ ನಟ್ಟು ಬೋಲ್ಟು ಹಾಕಿ, ಸೀಮೆಎಣ್ಣೆ ಸುರಿದು, ಗಂಟೆಗಟ್ಟಲೆ ಕುಲುಕಿ ತುಕ್ಕು ಬಿಡಿಸಿದರು. ಸಿಲಿಂಡರನ್ನು ಬೋರ್ ಮಾಡಿಸಲು ಲೇತ್ ಅಂಗಡಿಗೆ ಕಳಿಸಿದರು. ಮೇಲುನೋಟಕ್ಕೆ ಇವೆಲ್ಲ ಕಣ್ಣಿಗೆ ಕಾಣುವ ರೋಗಗಳು. ಟೂ-ಸ್ಟ್ರೋಕ್ ಎಂಜಿನ್ನಿನ ನಿಜವಾದ ಶತ್ರು ಬೇರೆ ಎಂದು ಅವರೇ ತಿಳಿಸಿಕೊಟ್ಟರು. ಇದರಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ನೇರವಾಗಿ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲೇರುತ್ತದೆ. ಆ ಕೋಣೆಯ ಎರಡು ಬದಿಯಲ್ಲಿರುವ ರಬ್ಬರ್ ಸೀಲುಗಳು ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಣಗಿ ಗಟ್ಟಿಯಾಗುತ್ತವೆ. ಸಂದಿಯಿಂದ ಕಳ್ಳಗಾಳಿ ನುಗ್ಗುತ್ತದೆ. ಗಾಡಿ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಹಿಡಿತವಿಲ್ಲದೆ ಓಡಿ, ಎಣ್ಣೆ ಸಾಲದೆ ಕಾದು, ಹೊಸ ಪಿಸ್ಟನ್ನನ್ನೂ ಸುಟ್ಟುಕೊಳ್ಳುತ್ತದೆ. "ಪೈಂಟ್ ಎಲ್ಲಾರ್ಗೂ ಕಾಣುತ್ತೆ ಸಾರ್. ಸೀಲು ಯಾರ್ಗೂ ಕಾಣಲ್ಲ. ನೋಡೋಕೆ ಗಾಡಿ ಮಾಡ್ಸೋರು ಸೀಲ್ ಹಾಕ್ಸಲ್ಲ" ಎಂದರು. ಅವರ ಆ ಮೊದಲ ಪ್ರಶ್ನೆಯ ಆಳ ಆಗ ತಿಳಿಯಿತು.

ಬಿಡಿಭಾಗ ಹುಡುಕುವುದು ಇನ್ನೊಂದು ಯಾತ್ರೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಯಾರದೋ ಅಟ್ಟದ ಮೇಲಿನ ಟ್ರಂಕು. ಒಂದು ಕಾಲಕ್ಕೆ ಯಾವ ಸಣ್ಣ ಊರಿನ ಆಟೋಮೊಬೈಲ್ ಅಂಗಡಿಯಲ್ಲೂ ಮೊಳೆಗೆ ನೇತುಹಾಕಿರುತ್ತಿದ್ದ ಕ್ಲಚ್ ಕೇಬಲ್ ಈಗ ಕೇಳಿದರೆ ಅಂಗಡಿಯ ಹುಡುಗ ಮೊಬೈಲಿನಲ್ಲಿ ಹುಡುಕಿ, "ಇಲ್ಲ ಅಂಕಲ್, ಬರಲ್ಲ" ಎನ್ನುತ್ತಾನೆ. ಸಿಕ್ಕ ಭಾಗಕ್ಕಿಂತ ಮುಖ್ಯವಾಗಿ ಆ ಓಡಾಟದಲ್ಲಿ ಕಂಡವರು ಕೆಲವರು. ಸೈಕಲ್ ಅಂಗಡಿಯ ಮೂಲೆಯಲ್ಲಿ ಕೂತು ರಿಮ್ಮಿಗೆ ಒಂದೊಂದೇ ಸ್ಪೋಕ್ ಹಾಕಿ, ಬೆರಳಿನಿಂದ ಮೀಟಿ, ಅದರ ನಾದ ಕೇಳಿ ಬಿಗಿ ಹೇಳುವ ಮುದುಕರು. ಟ್ಯಾಂಕಿನ ಅಂಚಿಗೆ ಸಣ್ಣ ಕುಂಚದಿಂದ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಚಿನ್ನದ ಬಣ್ಣದ ಗೆರೆ ಎಳೆದುಕೊಟ್ಟ ಬೋರ್ಡ್ ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು ಬರೆಸುವವರಿಲ್ಲ. ಅವರ ಕುಂಚಗಳು ಎಣ್ಣೆಯಲ್ಲಿ ಮುಳುಗಿ ಸುಮ್ಮನೆ ಕೂತಿವೆ. ಇವರಲ್ಲಿ ಒಬ್ಬರ ಮಕ್ಕಳೂ ಈ ಕೆಲಸಕ್ಕೆ ಬಂದಿಲ್ಲ. ಬರಬೇಕಿತ್ತು ಎಂದು ಹೇಳುವ ಹಕ್ಕು ನಮಗಿಲ್ಲ. ದಿನವಿಡೀ ಬಗ್ಗಿ ದುಡಿದು ಕಡೆಗೆ ಸಿಗುವ ಕೂಲಿ ನೋಡಿದರೆ ಯಾವ ತಂದೆ ತಾನೇ ಮಗನನ್ನು ಇದಕ್ಕೆ ಹಚ್ಚಿಯಾನು?

ಬಣ್ಣ ಹೊಡೆಸುವ ಹೊತ್ತಿಗೆ ಕುಲುಮೆಯ ಆ ಕಬ್ಬಿಣದ ಅಡ್ಡೆಯ ಮಾತು ಬಂತು. ನೋಡಲು ಬಂದ ಯೆಜ್ಡಿ ಪ್ರಿಯರು ಕೆಲವರು, ಅದನ್ನು ಕಿತ್ತುಹಾಕಿ, ಕಂಪನಿಯಿಂದ ಬಂದ ಹಾಗೇ ಇರಬೇಕು, ಆಗಲೇ ಗಾಡಿಗೆ ಬೆಲೆ ಎಂದರು. ಅವರ ಪ್ರೀತಿ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಸಾಲುಸಾಲಾಗಿ ಹೊರಟು, ಮುಚ್ಚಿದ ಕಾರ್ಖಾನೆಯ ಹೆಸರನ್ನು ಜನರ ಬಾಯಲ್ಲಿ ಉಳಿಸಿದವರು ಅವರೇ. ಆದರೆ ಕಂಪನಿಯಿಂದ ಹೊರಬಿದ್ದ ದಿನ ಅದು ಇನ್ನೂ ಯಾರ ಗಾಡಿಯೂ ಆಗಿರಲಿಲ್ಲ. ಹೆಗ್ಗಡದೇವನಕೋಟೆಯ ಹಳ್ಳಿಗಳು ಗುರುತಿಸುತ್ತಿದ್ದ ಗಾಡಿಗೆ ಬೆನ್ನ ಮೇಲೆ ಪೆಟ್ಟಿಗೆಯಿತ್ತು. ಮೇಸ್ತ್ರಿ ಏನೂ ಹೇಳದೆ ಅಡ್ಡೆಯ ತುಕ್ಕು ಉಜ್ಜಿ, ಸಡಿಲವಾಗಿದ್ದ ಒಂದು ಬೆಸುಗೆ ಸರಿಮಾಡಿಸಿ, ಇದ್ದಲ್ಲೇ ಕೂರಿಸಿದರು.

ಈ ದಿನಗಳಲ್ಲಿ ನನ್ನ ಮಗಳು ಜೊತೆಗೆ ಬರತೊಡಗಿದ್ದಳು. ಅವಳು ಕಾಲೇಜಿಗೆ ಹೋಗುವುದು ಎಲೆಕ್ಟ್ರಿಕ್ ಸ್ಕೂಟರಿನಲ್ಲಿ. ಅದು ಕೆಟ್ಟರೆ ಆ್ಯಪಿನಲ್ಲಿ ದೂರು ಬರೆಯುತ್ತಾಳೆ. ಯಾರೋ ಬಂದು ಲ್ಯಾಪ್‌ಟಾಪ್ ಸಿಕ್ಕಿಸಿ, ಏನೋ ಒತ್ತಿ, ಸರಿಹೋಯಿತು ಎಂದು ಹೋಗುತ್ತಾರೆ. ಏನು ಕೆಟ್ಟಿತ್ತು ಎಂದು ಅವಳಿಗೂ ತಿಳಿಯುವುದಿಲ್ಲ, ಬಂದವರು ಹೇಳುವುದೂ ಇಲ್ಲ. ಇಲ್ಲಿ ಮೇಸ್ತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಯಿಂಟಿನ ಸಂದು ಹೊಂದಿಸುವುದನ್ನು ತೋರಿಸಿದರು. "ನೋಡು ಮಗಾ, ಇದು ಮುಚ್ಚಿ ಬಿಚ್ಚೋ ಹೊತ್ತಿಗೇ ಕಿಡಿ. ಸಂದು ಜಾಸ್ತಿ ಆದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ." ಅವಳೇ ಹೊಂದಿಸಿದಳು, ಅವರು ಪರೀಕ್ಷಿಸಿದರು, ಮತ್ತೆ ಕೆಡಿಸಿ ಅವಳ ಕೈಗೇ ಕೊಟ್ಟರು. ಉಗುರಿನ ಸಂದಿಗೆ ಮಸಿ ಮೆತ್ತಿಕೊಂಡು ಮನೆಗೆ ಬಂದ ಆ ಸಂಜೆ ಅವಳು ಊಟಕ್ಕೆ ಕೂತಾಗಲೂ ಕಿಡಿಯ ಮಾತೇ ಆಡುತ್ತಿದ್ದಳು. ಎಷ್ಟೋ ವರ್ಷ ಪಾಠ ಓದಿದ ಹುಡುಗಿಗೆ ಒಂದು ಯಂತ್ರ ತನ್ನ ಒಡಲು ಬಿಚ್ಚಿ ತೋರಿಸಿದ್ದು ಅದೇ ಮೊದಲು.

ಎಂಜಿನ್ ಹೊತ್ತಿಕೊಂಡ ದಿನ ಸಂದಿಯ ಅಂಗಡಿಗಳವರೆಲ್ಲ ಹೊರಗೆ ಬಂದರು. ನೀಲಿ ಹೊಗೆ ತುಂಬಿತು, ಎಲ್ಲರೂ ಕೆಮ್ಮಿದರು, ಎಲ್ಲರೂ ನಕ್ಕರು. ಆ ಕೆಮ್ಮನ್ನು ಮರೆತು ಬರೆದರೆ ನೆನಪಿಗೆ ದ್ರೋಹವಾದೀತು. ಟೂ-ಸ್ಟ್ರೋಕ್ ಗಾಡಿಗಳ ಹೊಗೆ ಕೆಟ್ಟದ್ದೇ. ಬೆರೆಸಿದ ಎಣ್ಣೆಯಲ್ಲಿ ಅರೆಬರೆ ಉರಿದದ್ದೆಲ್ಲ ಬೀದಿಯ ಗಾಳಿಗೆ ಸೇರುತ್ತಿತ್ತು, ಅದನ್ನು ತಡೆದ ಕಾನೂನು ಸರಿಯಾದದ್ದು. ಹಳೆಯ ಡ್ರಮ್ ಬ್ರೇಕು ಮಳೆಗಾಲದಲ್ಲಿ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂದು ಓಡಿಸಿದವರಿಗೆ ಗೊತ್ತು. ನನ್ನ ಮಗಳು ರಾತ್ರಿ ಒಬ್ಬಳೇ ಸದ್ದಿಲ್ಲದ ಸ್ಕೂಟರಿನಲ್ಲಿ, ದಾರಿಯ ನಡುವೆ ನಿಲ್ಲುವ ಭಯವಿಲ್ಲದೆ ಮನೆಗೆ ಬರುತ್ತಾಳೆ ಎನ್ನುವುದು ಸಣ್ಣ ನೆಮ್ಮದಿಯಲ್ಲ. ಅಪ್ಪ ಆನೆ ದಾರಿಯಲ್ಲಿ ಪ್ರಾಣ ಪಣಕ್ಕಿಟ್ಟು ತಲುಪುತ್ತಿದ್ದ ಹಳ್ಳಿಗಳವರು ಈಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಇದ್ದಿದ್ದರೆ ಅಪ್ಪ ಎಲ್ಲರಿಗಿಂತ ಹೆಚ್ಚು ಸಂತೋಷಪಡುತ್ತಿದ್ದರು.

ಹೆಸರುಗಳೂ ಮರಳಿ ಬಂದಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಮತ್ತೆ ಅಂಗಡಿಗೆ ಬಂದವು. ಫೋರ್-ಸ್ಟ್ರೋಕ್ ಎಂಜಿನ್, ನೀರಿನಿಂದ ತಂಪಾಗುವ ವ್ಯವಸ್ಥೆ, ಒಳ್ಳೆಯ ಬ್ರೇಕು. ಗಾಡಿಗಳು ಚೆನ್ನಾಗಿಯೇ ಇವೆ. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಲ್ಲಿನ ಮಕ್ಕಳಿಗೆ ಆ ಹೆಮ್ಮೆ ಸಿಗಲಿ. ಯಾದವಗಿರಿಯ ಸಂಜೆಗೆ ಅದರಿಂದ ಏನೂ ಮರಳಲಿಲ್ಲ.

ನಾವು ಕಳೆದುಕೊಂಡದ್ದು ಒಂದು ಗಾಡಿಯನ್ನಲ್ಲ, ಹೊಗೆಯನ್ನಂತೂ ಅಲ್ಲ. ನಮ್ಮ ಬಳಿ ಇರುವ ವಸ್ತುವನ್ನು ಅರಿತು, ಅದು ಕೆಟ್ಟಾಗ ಅದರ ಜೊತೆ ಕೂತು, ಸರಿಮಾಡಿಕೊಂಡು, ಇಪ್ಪತ್ತು ವರ್ಷ ಬಾಳುವ ರೂಢಿಯನ್ನು. ಆಗ ಗಾಡಿ ಕೊಳ್ಳುವುದೆಂದರೆ ಅದರ ಮೇಸ್ತ್ರಿ, ವೆಲ್ಡಿಂಗಿನವರು, ಸ್ಪೋಕಿನವರು, ಪಕ್ಕದ ಮನೆಯ ಕೆಲಸಗಾರರು, ಇವರೆಲ್ಲರ ನೆಂಟಸ್ತನವನ್ನೂ ಕೊಂಡ ಹಾಗೆ. ಈಗ ಕಂತು ಮುಗಿಯುವ ಹೊತ್ತಿಗೆ ಹೊಸ ಮಾದರಿ ಬಂದಿರುತ್ತದೆ, ಹಳೆಯದನ್ನು ಕೊಟ್ಟು ಅದನ್ನು ತರುತ್ತೇವೆ. ಹಳೆಯದರ ಎಂಜಿನ್ ಯಾವ ಕಡೆಗಿತ್ತೆಂದೂ ನೋಡಿರುವುದಿಲ್ಲ. ಕಾನೂನಿನ ಲೆಕ್ಕದಲ್ಲೂ ಹಾಗೆಯೇ. ಹದಿನೈದು ವರ್ಷ ತುಂಬಿದ ಗಾಡಿಯನ್ನು ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಬೇಕು. 2022ರಲ್ಲಿ ಬೈಕುಗಳಿಗೆ ಆ ಶುಲ್ಕ ಮುನ್ನೂರರಿಂದ ಸಾವಿರ ರೂಪಾಯಿಗೆ ಏರಿತು. ಪಾರಂಪರಿಕ ವಾಹನವೆಂಬ ಮರ್ಯಾದೆ ಸಿಗಲು ಐವತ್ತು ವರ್ಷ ದಾಟಬೇಕೆಂದು 2021ರ ನಿಯಮ ಹೇಳುತ್ತದೆ. ಹದಿನೈದಕ್ಕೆ ಮುದಿ, ಐವತ್ತಕ್ಕೆ ಅಮೂಲ್ಯ. ನಡುವಿನ ಮೂವತ್ತೈದು ವರ್ಷ ಅದನ್ನು ಕಾಪಾಡಬೇಕಾದದ್ದು ನಮ್ಮ ನಿಮ್ಮಂಥವರ ಕೊಟ್ಟಿಗೆ ಮತ್ತು ಮೇಸ್ತ್ರಿಯ ಕೈ. ಕೊಟ್ಟಿಗೆಗಳು ಮನೆಯ ಜೊತೆಗೇ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ.

ಅಪ್ಪನ ರೋಡ್‌ಕಿಂಗ್ ಈಗ ಭಾನುವಾರಗಳಂದು ಹೊರಗೆ ಬರುತ್ತದೆ. ಒಮ್ಮೊಮ್ಮೆ ಮಾನಂದವಾಡಿ ರಸ್ತೆ ಹಿಡಿದು ಹಂಪಾಪುರದವರೆಗೆ ಹೋಗಿ ಬರುತ್ತೇನೆ, ಒಮ್ಮೊಮ್ಮೆ ಮಗಳು. ಅವಳು ಕಿಕ್ಕನ್ನು ಗೇರಾಗಿ ಮಡಿಸುವುದನ್ನು ನನಗಿಂತ ಬೇಗ ಕಲಿತಳು. ಅದಕ್ಕಿಂತ ದೊಡ್ಡ ಸಮಾಧಾನ, ಅವಳು ಈಗಲೂ ಬಿಡುವಿದ್ದಾಗ ಲಷ್ಕರ್ ಮೊಹಲ್ಲಾದ ಆ ಸಂದಿಗೆ ಹೋಗುತ್ತಾಳೆ. ಬೇರೆಯವರ ಗಾಡಿಗಳ ಕಾರ್ಬೊರೇಟರ್ ತೊಳೆದುಕೊಡುತ್ತಾಳೆ, ಕೇಳಿ ಕೇಳಿ ಬರೆದುಕೊಳ್ಳುತ್ತಾಳೆ. ಮೇಸ್ತ್ರಿ ಮೊದಮೊದಲು ಸಂಕೋಚಪಟ್ಟರು. ಈಗ ಅವಳು ಬರದಿದ್ದ ವಾರ ಫೋನ್ ಮಾಡುತ್ತಾರೆ.

ನಿಮ್ಮ ಮನೆಯ ಹಿತ್ತಲಲ್ಲೂ ತಾಡಪಾಲಿನ ಕೆಳಗೆ ಏನಾದರೂ ನಿಂತಿರಬಹುದು. ಯೆಜ್ಡಿಯೇ ಆಗಬೇಕಿಲ್ಲ; ಪದ್ಮಿನಿ ಕಾರಾಗಲಿ, ಲ್ಯಾಂಬ್ರೆಟಾ ಆಗಲಿ, ಅಮ್ಮನ ಹೊಲಿಗೆ ಯಂತ್ರವೇ ಆಗಲಿ. ಮುಂದಿನ ವರ್ಷ ನೋಡೋಣ ಎಂದು ಮುಂದೂಡಬೇಡಿ. ಕಬ್ಬಿಣ ಇನ್ನೂ ಸ್ವಲ್ಪ ಕಾಲ ತಡೆದೀತು, ಅದನ್ನು ಬಲ್ಲವರಿಗೆ ಅಷ್ಟು ಕಾಲವಿಲ್ಲ. ಈ ವಾರವೇ ಅವರಲ್ಲಿಗೆ ಒಯ್ಯಿರಿ, ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಪಕ್ಕದಲ್ಲಿ ಕೂರಿಸಿ, ಬಟ್ಟೆ ಕೊಳೆಯಾದರೆ ಗದರಬೇಡಿ. ಕೆಲಸ ಮುಗಿದ ಮೇಲೆ ಅವರು ಕೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ. ಆ ವಿದ್ಯೆಗೆ ನಾವು ಇಷ್ಟು ವರ್ಷ ಕೊಟ್ಟುಕೊಂಡು ಬಂದದ್ದು ಬಹಳ ಕಡಿಮೆ.